ಆರಿಗನ್ ನಕ್ಷೆ: ನಾಲ್ಕನೆಯ ವಾರದ ಕೆಲಸ

ಅಮೆರಿಕದ ವಾಯವ್ಯ ಮೂಲೆಯ ಆರಿಗನ್ನಿನಲ್ಲಿ ಹರಿಯುವ ಕೊಲಂಬಿಯಾ ನದಿಯನ್ನು ಮೂರನೆಯ ಸಲ ಅಳಿಸಿ ಬರೆದೆ. ಹಾಳೆ ಅಲ್ಲಿ ಸವೆದು ನವಿರೆದ್ದಿದೆ. ತಪ್ಪು ನನ್ನದೇ. ಬರೀ ನದಿ ಎಂದುಕೊಂಡು ನೀಲಿ ಬಳಿದುಬಿಟ್ಟಿದ್ದೆ. 1844ರಲ್ಲಿ ಕೆಲವರ ಪಾಲಿಗೆ ಅದು ಗಡಿಯಾಗಿತ್ತು.

ಆ ವರ್ಷ ಆರಿಗನ್ನಿನ ವಲಸಿಗರ ತಾತ್ಕಾಲಿಕ ಸರ್ಕಾರ ಗುಲಾಮಗಿರಿಯನ್ನು ನಿಷೇಧಿಸಿತು. ಅದೇ ಕಾನೂನಿನಲ್ಲಿ ಕಪ್ಪು ಜನರೂ ಜಾಗ ಖಾಲಿ ಮಾಡಬೇಕೆಂದು ಬರೆಯಿತು: ಗಂಡಸರಿಗೆ ಎರಡು ವರ್ಷ, ಹೆಂಗಸರಿಗೆ ಮೂರು. ಹೋಗದಿದ್ದವರಿಗೆ 20ಕ್ಕೆ ಕಡಿಮೆಯಿಲ್ಲದೆ, 39ಕ್ಕೆ ಮೀರದೆ ಛಡಿಯೇಟು. ಆರು ತಿಂಗಳಿಗೊಮ್ಮೆ ಮತ್ತೆ ಅದೇ. ಏಟುಗಳಿಗೂ ಮೇಲ್ಮಿತಿ ಗೊತ್ತುಮಾಡಿದ ಆ ಅಚ್ಚುಕಟ್ಟುತನ ಕಂಡು ನನಗೆ ಹೊಟ್ಟೆ ತೊಳಸಿತು. ಜಾರಿಗೆ ಬರುವ ಮೊದಲೇ ಅದು ರದ್ದಾಯಿತು. ಮಂಡಿಸಿದ ಪೀಟರ್ ಬರ್ನೆಟ್ ಮುಂದೆ ಕ್ಯಾಲಿಫೋರ್ನಿಯಾದ ಮೊದಲ ರಾಜ್ಯಪಾಲನಾದ.

ಮಿಸೌರಿಯಿಂದ ಗಾಡಿ ಕಟ್ಟಿಕೊಂಡು ಬಂದ ಜಾರ್ಜ್ ವಾಷಿಂಗ್ಟನ್ ಬುಷ್ ಎಂಬ ಕಪ್ಪು ರೈತ 1845ರಲ್ಲಿ ನದಿಯ ಉತ್ತರಕ್ಕೆ ಹೋದ. ಆ ಸರ್ಕಾರದ ಕೈ ಅಷ್ಟು ದೂರ ಚಾಚಿರಲಿಲ್ಲ. ಜೊತೆಗೆ ಬಂದಿದ್ದ ಬಿಳಿಯ ಕುಟುಂಬಗಳೂ ಅವನೊಂದಿಗೆ ನಡೆದವು. ಈಗಿನ ವಾಷಿಂಗ್ಟನ್ ರಾಜ್ಯದ ಟಮ್‌ವಾಟರ್ ಊರಿನ ಬಳಿ ಅವನಿಗೊಂದು ಹಸಿರು ಚುಕ್ಕೆ ಇಟ್ಟೆ. ಆದರೆ ಬ್ರಿಟನ್ ಜೊತೆಗಿನ 1846ರ ಒಪ್ಪಂದದಿಂದ ಅಮೆರಿಕದ ಗಡಿ 49ನೆಯ ಅಕ್ಷಾಂಶಕ್ಕೆ ಸರಿಯಿತು. ಚುಕ್ಕೆ ಕದಲಲಿಲ್ಲ, ಗೆರೆಯೇ ಅದನ್ನು ದಾಟಿತು. ಒಂದೇ ಹಾಳೆಯಲ್ಲಿ ಇದನ್ನು ತೋರಿಸಲಾಗದೆ ವರ್ಷಕ್ಕೊಂದು ಟ್ರೇಸಿಂಗ್ ಹಾಳೆ ಹೊದಿಸಿದ್ದೇನೆ. ಮೂರನೆಯದು ಜಾರುತ್ತಿದೆ, ಕ್ಲಿಪ್ಪು ಬೇಕು.

ವಲಸಿಗರಿಗೆ ಬಿಟ್ಟಿ ಜಮೀನು ಹಂಚಿದ 1850ರ ಭೂದಾನ ಕಾಯ್ದೆಯಲ್ಲಿ ಕಪ್ಪು ಜನರಿಗೆ ಪಾಲಿರಲಿಲ್ಲ. 1852ರ ಬರಗಾಲದಲ್ಲಿ ಬುಷ್‌ನ ಧಾನ್ಯ ಉಂಡ ನೆರೆಯವರು ಅವನ ಪರವಾಗಿ ನಿಂತರು. 1855ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಅವನಿಗಾಗಿಯೇ ಕಾಯ್ದೆ ಮಾಡಿ 640 ಎಕರೆ ಕೊಟ್ಟಿತು. ಮತದ ಹಕ್ಕು ಮಾತ್ರ ಅವನು ಸಾಯುವವರೆಗೂ ದಕ್ಕಲಿಲ್ಲ.

ನಕ್ಷೆಯ ಬಲ ಅಂಚಿಗೆ ಆರಿಗನ್ ಸಂವಿಧಾನಕ್ಕಾಗಿ ನಡೆದ 1857ರ ಮತದಾನದ ಕಂಬಗಳನ್ನು ಬರೆದೆ. ಗುಲಾಮಗಿರಿ ಬೇಡವೆಂದವರು 7,727, ಬೇಕೆಂದವರು 2,645. ಅದೇ ದಿನ ಕಪ್ಪು ಜನರೇ ಬರಬಾರದು ಎಂದವರು 8,640. ಬರಲಿ ಎಂದವರು 1,081. ಕೊನೆಯ ಕಂಬ ಪೆನ್ಸಿಲ್ ಮೊನೆಗಿಂತ ತುಸುವೇ ಎತ್ತರ. ಗುಲಾಮಗಿರಿ ಬೇಡವೆಂದವರನ್ನೆಲ್ಲ ಕಪ್ಪು ಜನರ ಹಿತೈಷಿಗಳೆಂದು ಕಳೆದ ವಾರ ನಾನೇ ಅಂಚಿನಲ್ಲಿ ಬರೆದಿದ್ದೆ. ಅದನ್ನು ಒರೆಸಿದೆ.

ಎಡವಟ್ಟು ಇನ್ನೊಂದಿದೆ. 1860ರವರೆಗೆ ಸಾಕೆಂದು ಕೆಳಗಿನ ಕಾಲಪಟ್ಟಿಯನ್ನು ಕತ್ತರಿಸಿಟ್ಟಿದ್ದೆ. ಕಪ್ಪು ಜನರನ್ನು ತಡೆಯುವ ಆ ಕಲಮು ಆರಿಗನ್ ಸಂವಿಧಾನದಿಂದ ಹೋದದ್ದು 1926ರಲ್ಲಿ. ಐದು ವರ್ಷಕ್ಕೊಂದು ಅಂಗುಲದಂತೆ ಇನ್ನೂ ಹದಿಮೂರು ಅಂಗುಲ ಚಿಲ್ಲರೆ ಹಾಳೆ ಅಂಟಿಸಬೇಕು. ಮೈದಾ ಅಂಟು ಕಾಯಿಸಿಟ್ಟಿದ್ದೇನೆ.