ಹೊಗೆಗೆ ಮೊದಲು ಗಾಳಿ: ಮನೆಯಲ್ಲಿ ಸಾಲ್ಮನ್ ಹೊಗೆ ಹಾಕುವ ಕ್ರಮ

ಜೂನ್ ಬಂತೆಂದರೆ ಸಿಯಾಟಲ್ ಸುತ್ತಮುತ್ತಲ ಅಂಗಡಿಗಳಿಗೆ ಅಲಾಸ್ಕಾದ ಸಾಕ್‌ಐ ಸಾಲ್ಮನ್ ತಾಜಾ ಬರುತ್ತದೆ. ಇಡೀ ಫಿಲೆ (ನಡುಮೂಳೆ ಬಿಡಿಸಿದ ಮೀನಿನ ಒಂದು ಬದಿ) ತಂದು ಹಿತ್ತಲಲ್ಲಿ ಹೊಗೆ ಹಾಕುವವರು ಇಲ್ಲಿ ಬೇಕಾದಷ್ಟಿದ್ದಾರೆ, ಕನ್ನಡಿಗರೂ ಸೇರಿ. ಹೆಚ್ಚಿನವರ ತಲೆ ಓಡುವುದು ಯಾವ ಕಟ್ಟಿಗೆ, ಯಾವ ಸ್ಮೋಕರ್ ಎಂಬುದರ ಕಡೆ. ಆದರೆ ಮೀನು ಕೆಡುವುದೋ ಚೆನ್ನಾಗಿ ಬರುವುದೋ ತೀರ್ಮಾನವಾಗುವುದು ಬೆಂಕಿ ಹೊತ್ತಿಸುವ ಮೊದಲೇ, ಉಪ್ಪಿನಲ್ಲಿ ಮತ್ತು ಗಾಳಿಯಲ್ಲಿ.

ಇಲ್ಲಿ ಹೇಳುತ್ತಿರುವುದು ಮೀನು ಹೊಗೆಯಲ್ಲೇ ಪೂರ್ತಿ ಬೇಯುವ ಬಿಸಿ ಹೊಗೆಯ ವಿಧಾನ. ಬೇಗಲ್ ಎಂಬ ಬಳೆಯಾಕಾರದ ಬ್ರೆಡ್ಡಿನ ಮೇಲೆ ತೆಳುವಾಗಿ ಹಾಸುವ ಸಾಲ್ಮನ್ ತಣ್ಣನೆಯ ಹೊಗೆಯದು. ಅಲ್ಲಿ ಶಾಖ 30 ಡಿಗ್ರಿ (ಇಲ್ಲಿ ಎಲ್ಲ ಲೆಕ್ಕವೂ ಸೆಲ್ಸಿಯಸ್‌ನಲ್ಲಿ) ದಾಟುವುದಿಲ್ಲ, ಹಾಗಾಗಿ ಹುಳವಾಗಲಿ ಲಿಸ್ಟೀರಿಯಾ ಎಂಬ ರೋಗಾಣುವಾಗಲಿ ಸಾಯುವುದಿಲ್ಲ. ಅದನ್ನು ಮನೆಯಲ್ಲಿ ಮಾಡದಿರುವುದೇ ಒಳ್ಳೆಯದು.

ಕಿಂಗ್ ಸಾಲ್ಮನ್‌ನಲ್ಲಿ ಕೊಬ್ಬು ಜಾಸ್ತಿ, ಸ್ವಲ್ಪ ಹೆಚ್ಚು ಬೆಂದರೂ ತಡೆಯುತ್ತದೆ. ಸಾಕ್‌ಐ ತೆಳು, ಬೇಗ ಒಣಗುತ್ತದೆ. ಯಾವುದಾದರೂ ಸರಿ, ಚರ್ಮ ತೆಗೆಯಬೇಡಿ. ಬೆರಳನ್ನು ಬಾಲದ ಕಡೆಯಿಂದ ತಲೆಯ ಕಡೆಗೆ ಮತ್ತು ಹಿಂದಕ್ಕೆ ಸವರಿದರೆ ಸಣ್ಣ ಮುಳ್ಳುಗಳು ತಾಗುತ್ತವೆ. ಅವುಗಳನ್ನು ಚಿಮುಟದಲ್ಲಿ ಹಿಡಿದು ತಲೆಯ ದಿಕ್ಕಿಗೇ ಓರೆಯಾಗಿ ಎಳೆಯಿರಿ. ನೇರ ಮೇಲಕ್ಕೆ ಎಳೆದರೆ ಮಾಂಸ ಹರಿಯುತ್ತದೆ. ಬಾಲದ ತುಂಡನ್ನು ಬೇರೆ ಮಾಡಿ, ಅದು ಬೇಗ ಬೇಯುತ್ತದೆ.

ಒಂದೂವರೆ ಕಿಲೋ ಮೀನಿಗೆ 400 ಗ್ರಾಂ ಬ್ರೌನ್ ಶುಗರ್, 100 ಗ್ರಾಂ ಅಯೋಡಿನ್ ಇಲ್ಲದ ಉಪ್ಪು. ಉಪ್ಪನ್ನು ತೂಕ ಮಾಡಿಯೇ ಹಾಕಿ. ಕೆಲವು ಬ್ರ್ಯಾಂಡಿನ ಕೋಷರ್ ಉಪ್ಪು (ದಪ್ಪ ಹರಳಿನ ಅಡುಗೆ ಉಪ್ಪು) ಎಷ್ಟು ಹಗುರವೆಂದರೆ, ಒಂದು ಕಪ್ ಪುಡಿ ಉಪ್ಪು ಅದರ ಎರಡರಷ್ಟು ತೂಗುತ್ತದೆ. ಕಪ್ ಲೆಕ್ಕ ನಂಬಿದರೆ ಮೀನು ಬಾಯಿಗಿಡಲಾಗದಷ್ಟು ಉಪ್ಪಾಗುತ್ತದೆ. ಬ್ರೌನ್ ಶುಗರ್ ಬದಲು ಬೆಲ್ಲದ ಪುಡಿಯೂ ಒಗ್ಗುತ್ತದೆ, ಜರಡಿ ಹಿಡಿದು ಗಂಟು ತೆಗೆಯಿರಿ. ಗಾಜಿನ ಅಥವಾ ಸ್ಟೀಲಿನ ಪಾತ್ರೆಯಲ್ಲಿ ಮೀನಿನ ಮೇಲೆಲ್ಲ ಈ ಮಿಶ್ರಣ ಹರಡಿ ಫ್ರಿಜ್‌ನಲ್ಲಿಡಿ. ದಪ್ಪ ಕಿಂಗ್‌ಗೆ ಎಂಟು ಗಂಟೆ, ತೆಳು ಸಾಕ್‌ಐಗೆ ನಾಲ್ಕೈದು ಗಂಟೆ ಸಾಕು. ಆ ಹೊತ್ತಿಗೆ ಮೀನು ನೀರು ಬಿಟ್ಟು, ಪಾತ್ರೆಯ ತಳದಲ್ಲಿ ಪಾಕ ನಿಂತಿರುತ್ತದೆ, ಮಾಂಸ ಗಟ್ಟಿಯಾಗಿರುತ್ತದೆ. ತಣ್ಣೀರಲ್ಲಿ ಬೇಗ ತೊಳೆದು ಒರೆಸಿ.

ಮುಂದಿನ ಹಂತವನ್ನೇ ಎಲ್ಲರೂ ಹಾರಿಸುವುದು. ಎಣ್ಣೆ ಸವರಿದ ಜಾಲರಿಯ ಮೇಲೆ, ಚರ್ಮ ಕೆಳಗಾಗಿ, ತುಂಡಿಗೆ ತುಂಡು ತಾಗದಂತೆ ಇಟ್ಟು, ತಂಪು ಜಾಗದಲ್ಲಿ ಸಣ್ಣ ಫ್ಯಾನ್ ಗಾಳಿಗೆ ಎರಡರಿಂದ ನಾಲ್ಕು ಗಂಟೆ ಬಿಡಿ. ಸೆಕೆ ಇದ್ದರೆ ಫ್ರಿಜ್‌ನಲ್ಲೇ ಮುಚ್ಚದೆ ರಾತ್ರಿಯಿಡೀ ಇಡಿ. ಉಪ್ಪು ಕರಗಿಸಿ ಮೇಲಕ್ಕೆ ತಂದ ಪ್ರೋಟೀನ್ ಒಣಗಿ ಹೊಳೆಯುವ ಪೊರೆಯಾಗುತ್ತದೆ, ಇದೇ ಪೆಲಿಕಲ್. ಬೆರಳಿಟ್ಟರೆ ಅಂಟಬೇಕು, ಬೆರಳು ಒದ್ದೆಯಾಗಬಾರದು. ಒದ್ದೆ ಮೀನಿಗೆ ಹೊಗೆ ಹಾಕಿದರೆ ಬಣ್ಣ ಮಚ್ಚೆಮಚ್ಚೆಯಾಗಿ, ರುಚಿ ಹುಳಿಹುಳಿಯಾಗಿ ಕೂರುತ್ತದೆ.

ಈ ಕಡೆಯ ಮೂಲನಿವಾಸಿಗಳು ತಲೆಮಾರುಗಳಿಂದ ಬಳಸುತ್ತ ಬಂದಿರುವ ಮರ ಆಲ್ಡರ್. ಅದರ ಹೊಗೆ ಮೃದು, ಮೀನಿನ ರುಚಿಯನ್ನು ಮುಚ್ಚುವುದಿಲ್ಲ. ಸೇಬಿನ ಮರವೂ ಆದೀತು. ಪೈನ್‌ನಂಥ ಅಂಟಿನ ಮರ, ಬಣ್ಣ ಬಳಿದ ಹಲಗೆ ಬೇಡವೇ ಬೇಡ. ಕೆಟಲ್ ಗ್ರಿಲ್ (ಮುಚ್ಚಳವಿರುವ ದುಂಡನೆಯ ಇದ್ದಿಲ ಒಲೆ) ಇದ್ದರೆ ಒಂದು ಬದಿಗೆ ಎಂಟು ಹತ್ತು ಉರಿದ ಇದ್ದಿಲು, ಅದರ ಮೇಲೆ ಒಣ ಆಲ್ಡರ್ ತುಂಡು ಒಂದೆರಡು. ಇನ್ನೊಂದು ಬದಿಗೆ ನೀರಿನ ಟ್ರೇ, ಅದರ ಮೇಲ್ಗಡೆ ಮೀನು. ಮುಚ್ಚಳದ ಕಂಡಿ ಮೀನಿನ ಮೇಲೆ ಬರಲಿ, ಪೂರ್ತಿ ತೆರೆದಿರಲಿ. ಶಾಖ ಹತೋಟಿಗೆ ಕೆಳಗಿನ ಕಂಡಿ ಇದೆ. ಕಟ್ಟಿಗೆ ನೆನೆಸಬೇಡಿ, ನೆನೆದದ್ದು ಮೊದಲು ಆವಿ ಬಿಡುತ್ತದೆ, ಆಮೇಲೆ ಕಹಿ ಬಿಳಿ ಹೊಗೆ. ಕಣ್ಣಿಗೆ ಕಂಡೂ ಕಾಣದ ನಸುನೀಲಿ ಹೊಗೆ ಬರುವವರೆಗೆ ಮೀನು ಇಡಬೇಡಿ.

ಮುಚ್ಚಳದ ಥರ್ಮಾಮೀಟರ್ ನಂಬದೆ, ಮೀನಿನ ಪಕ್ಕದಲ್ಲೇ ಒಂದು ಪ್ರೋಬ್ (ಶಾಖ ಅಳೆಯುವ ಕಡ್ಡಿ) ಇಡಿ. ಮೊದಲ ಗಂಟೆ 65 ಡಿಗ್ರಿ ಸುಮಾರು, ಆಮೇಲೆ 80, ಕೊನೆಗೆ 90ರ ಮೇಲೆ. ಒಟ್ಟು ಮೂರು ನಾಲ್ಕು ಗಂಟೆ. ಶಾಖ ಒಮ್ಮೆಲೇ ಏರಿದರೆ ಮಾಂಸದ ಎಳೆಗಳು ಬಿಗಿದು, ಒಳಗಿನ ಅಲ್ಬುಮಿನ್ ಎಂಬ ಪ್ರೋಟೀನ್ ಬಿಳಿ ಮೊಸರಿನಂತೆ ಹೊರಗೆ ಉಕ್ಕುತ್ತದೆ. ಅದು ತಿನ್ನಲು ಅಪಾಯವಲ್ಲ, ಒರೆಸಿದರೆ ಹೋಗುತ್ತದೆ. ಆದರೆ ಅಷ್ಟು ರಸ ಮೀನಿನಿಂದ ಹೋಯಿತು ಎಂದೇ ಅರ್ಥ. ದಪ್ಪ ಭಾಗದ ನಡುವೆ 63 ಡಿಗ್ರಿ ತಲುಪಲೇಬೇಕು. ಶೇಖರಿಸಿಡುವುದಾದರೆ 66 ಡಿಗ್ರಿಯಲ್ಲಿ ಅರ್ಧ ಗಂಟೆ ನಿಲ್ಲಿಸಿ.

ಇದು ಒಣಮೀನಲ್ಲ, ಕಪಾಟಿನಲ್ಲಿ ಉಳಿಯುವುದಿಲ್ಲ. ಪೂರ್ತಿ ಆರಿದ ಮೇಲೆ ಕಾಗದದಲ್ಲಿ ಸುತ್ತಿ ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು. ಬಿಸಿಯಿರುವಾಗಲೇ ಮುಚ್ಚಿದರೆ ಬೆವತು ಬೂಷ್ಟು ಹಿಡಿಯುತ್ತದೆ. ವ್ಯಾಕ್ಯೂಮ್ ಪ್ಯಾಕ್ ಮಾಡಿದರೆ ಫ್ರೀಜರ್‌ನಲ್ಲಿ ಮಾತ್ರ ಇಡಿ: ಮೀನಿನಲ್ಲಿರುವ ಇ ಮಾದರಿಯ ಬಾಟ್ಯುಲಿನಮ್ ಎಂಬ ವಿಷಕಾರಿ ಬ್ಯಾಕ್ಟೀರಿಯಾ ಗಾಳಿಯಿಲ್ಲದ ಕಡೆ 3.3 ಡಿಗ್ರಿಯಲ್ಲೂ ಬೆಳೆಯುತ್ತದೆ, ವಾಸನೆಯೂ ಕೊಡದೆ. ತಿನ್ನಲು ತೆಗೆಯುವಾಗ ಪ್ಯಾಕಿನ ಬಾಯಿ ಮೊದಲು ಕತ್ತರಿಸಿ, ಆಮೇಲೆ ಫ್ರಿಜ್‌ನಲ್ಲಿಟ್ಟು ಕರಗಿಸಿ.