ಮಗಳಿಗೆ ದತ್ತು ವಿಷಯ ಹೇಳೋದು ಯಾವಾಗ?

"ದೊಡ್ಡವಳಾದ ಮೇಲೆ ಹೇಳಿದ್ರಾಯ್ತು ಬಿಡಿ" ಅಂತ ಮಂಡ್ಯದ ನೆಂಟರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಯಾವುದೋ ಮದುವೆ ಮನೆಯಲ್ಲಿ ಯಾರೋ ಬಾಯಿತಪ್ಪಿ ಆಡಿದ ಮಾತಿನಿಂದ ಮಗುವಿಗೆ ಗೊತ್ತಾದರೆ, ಅಪ್ಪ ಅಮ್ಮ ಇಷ್ಟು ವರ್ಷ ಮುಚ್ಚಿಟ್ಟರು ಅನ್ನೋ ನೋವೇ ಜಾಸ್ತಿ, ಅಲ್ವಾ? ಅದಕ್ಕೇ ಅವಳು ಮಾತು ಕಲಿಯುವ ಮೊದಲೇ ಅವಳ ಕಥೆ ಶುರು ಮಾಡಿದೆವು.

ಕಾರಂಜಿ ಕೆರೆ ಹತ್ತಿರ ನಡೆಯುವಾಗ ಒಮ್ಮೆ, "ನಾನು ನಿನ್ನ ಹೊಟ್ಟೇಲಿ ಇರ್ಲಿಲ್ವಾ ಅಮ್ಮ?" ಅಂದಳು.

"ಇಲ್ಲ ಪುಟ್ಟಿ, ಇನ್ನೊಬ್ಬ ಅಮ್ಮನ ಹೊಟ್ಟೇಲಿದ್ದೆ."

"ಅವರ ಹೆಸರೇನು?"

ಗೊತ್ತಿಲ್ಲ ಅಂತಲೇ ಹೇಳಿದೆ. ಆ ತಾಯಿ ಬಗ್ಗೆ ಕೆಟ್ಟ ಮಾತೂ ಬೇಡ, ಸುಮ್ನೆ ಕಟ್ಟುಕಥೆಯೂ ಬೇಡ. 2022ರ ದತ್ತು ನಿಯಮಗಳ ಪ್ರಕಾರ 18 ತುಂಬಿದ ಮೇಲೆ ತನ್ನ ಮೂಲ ಹುಡುಕಲು ಅವಳೇ ಅರ್ಜಿ ಹಾಕಬಹುದು, ಅದಕ್ಕೂ ಮೊದಲಾದರೆ ನಮ್ಮ ಜೊತೆ ಸೇರಿ. ಅವಳಿಗೆ ಬೇಕೆನಿಸಿದರೆ ನಾವೂ ಜೊತೆಗೆ ಹೋಗುತ್ತೇವೆ.