ಇಪ್ಪತ್ನಾಲ್ಕು ಕಿಲೋ ಹೊರಗೆ, ಎಂಟು ಕಿಲೋ ಒಳಗೆ

ಶನಿವಾರ, ಮಾರ್ಚ್ 8, 2025

ನನ್ನ ಹಳೇ ಸ್ಪೀಕರ್ ಒಯ್ಯೋಕೆ ಬೆಳಗ್ಗೆ ಹತ್ತಕ್ಕೆ ಒಬ್ಬ ಹುಡುಗ ಬಂದ, ಹನ್ನೊಂದೂವರೆಗೆ ಹೋದ. ಅವನ ಜೊತೆ ನನ್ನ ಎಆರ್-3ಎ ಜೋಡಿಯೂ ಹೋಯಿತು. ಹಳೇ ಹೊದಿಕೆ ಸುತ್ತಿ ಒಂದನ್ನು ಕಾರಿನ ಹಿಂದಿನ ಸೀಟಿಗೆ, ಇನ್ನೊಂದನ್ನು ಮುಂದಿನ ಸೀಟಿಗೆ ಇಟ್ಟೆವು. ಮುಂದಿನದಕ್ಕೆ ಅವನು ಸೀಟ್ ಬೆಲ್ಟ್ ಹಾಕಿದ. ಅದನ್ನು ನೋಡಿದ ಮೇಲೆ ಸ್ವಲ್ಪ ಸಮಾಧಾನ ಆಯಿತು.

ಕಳಿಸಿದ್ದಕ್ಕೆ ದೊಡ್ಡ ಕಾರಣ ಏನಿಲ್ಲ, ಮನೆ ಚಿಕ್ಕದಾಯಿತು. ಹಳೇ ಹಾಲ್ 6.4 ಮೀಟರ್ ಉದ್ದ ಇತ್ತು. ಈಗಿನ ಕೋಣೆ 3.4 ಮೀಟರ್ ಉದ್ದ, 2.9 ಅಗಲ. ಮೊದಲು ಸ್ಪೀಕರ್‌ನಿಂದ ಮೂರೂವರೆ ಮೀಟರ್ ದೂರ ಕೂರುತ್ತಿದ್ದೆ, ಈಗ ಹೆಚ್ಚೆಂದರೆ ಎರಡು, ಅದೂ ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡರೆ.

ಎಆರ್-3ಎ ಬಂದಿದ್ದು 1967ರಲ್ಲಿ. ಆಳದ ಸದ್ದಿಗೆ ಹನ್ನೆರಡು ಇಂಚಿನ ವೂಫರ್, ಅದರ ಮೇಲೆ ಮಧ್ಯದ ಮತ್ತು ಮೇಲಿನ ಸ್ವರಗಳಿಗೆ ಎರಡು ಪುಟ್ಟ ಡೋಮ್, ಸುತ್ತ ವಾಲ್ನಟ್ ಮರ. ತಮಾಷೆ ಅಂದ್ರೆ ಆ ಕಾಲದಲ್ಲಿ ಇದನ್ನು ಬುಕ್‌ಶೆಲ್ಫ್ ಸ್ಪೀಕರ್ ಅಂತ ಕರೆಯುತ್ತಿದ್ದರು. ಒಂದೊಂದೂ ಹತ್ತಿರ ಹತ್ತಿರ 24 ಕಿಲೋ! ಯಾವ ಪುಸ್ತಕದ ಶೆಲ್ಫು ತಡೆದುಕೊಳ್ಳುತ್ತದೆ ಮಾರಾಯ್ರೇ? ಆದರೆ ಹೆಸರು ಪೂರ್ತಿ ಸುಳ್ಳೂ ಅಲ್ಲ. ಅದಕ್ಕೂ ಮೊದಲು ಆಳದ ಸದ್ದು ಬೇಕು ಅಂದ್ರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. 1954ರಲ್ಲಿ ಎಆರ್, ಅಂದ್ರೆ ಅಕೌಸ್ಟಿಕ್ ರಿಸರ್ಚ್ ಕಂಪನಿಯ ಸ್ಥಾಪಕ ಎಡ್ಗರ್ ವಿಲ್ಚರ್ ಅದನ್ನು ತಲೆಕೆಳಗು ಮಾಡಿದರು. ಅಲುಗಾಡಿ ಸದ್ದು ಹೊರಡಿಸೋ ಕೋನ್ ಹಿಡಿದಿಡುವ ಅಂಚನ್ನು ಬಿಗಿ ಮಾಡೋದು ಬಿಟ್ಟು ಸಡಿಲ ಮಾಡಿದರು, ಪೆಟ್ಟಿಗೆಯನ್ನು ಗಾಳಿ ಆಡದ ಹಾಗೆ ಮುಚ್ಚಿದರು, ಒಳಗೆ ಸಿಕ್ಕಿಕೊಂಡ ಗಾಳಿಯೇ ಸ್ಪ್ರಿಂಗ್ ಆಗಿ ಕೋನನ್ನು ವಾಪಸ್ ಎಳೆಯುತ್ತದೆ. ಇಷ್ಟು ಸರಳ ಯೋಚನೆ ಅದಕ್ಕೆ ಮೊದಲು ಯಾರಿಗೂ ಯಾಕೆ ಕೈಗೂಡಲಿಲ್ಲ ಅಂತ ನನಗೆ ಇವತ್ತಿಗೂ ಆಶ್ಚರ್ಯ.

ಪುಕ್ಕಟೆ ಏನೂ ಸಿಗಲ್ಲ ಅನ್ನಿ. ಆ ಕಂಪನಿಯ ಇನ್ನೊಬ್ಬ ಸ್ಥಾಪಕ ಹೆನ್ರಿ ಕ್ಲಾಸ್ ಆಮೇಲೆ ಆಂಟನ್ ಹಾಫ್‌ಮನ್ ಜೊತೆ ಸೇರಿ ಬೇರೆ ಕಂಪನಿ ಕಟ್ಟಿದರು. ಈ ಹಾಫ್‌ಮನ್ ಹೆಸರಿನಲ್ಲಿ ಒಂದು ನಿಯಮ ಇದೆ: ಚಿಕ್ಕ ಪೆಟ್ಟಿಗೆ, ಆಳದ ಬೇಸ್, ಕಡಿಮೆ ಪವರ್‌ನಲ್ಲಿ ಜೋರು ಸದ್ದು, ಈ ಮೂರರಲ್ಲಿ ಎರಡು ಮಾತ್ರ ಕೈಗೆ ಸಿಗುತ್ತವೆ. ಹಳೇ ಸ್ಪೀಕರ್ ಅಂದ್ರೆ ಸಣ್ಣ ಆಂಪ್ಲಿಫೈಯರ್‌ಗೂ ಹಾಡುತ್ತವೆ ಅಂತ ಜನ ಹೇಳುತ್ತಾರಲ್ಲ, ನನ್ನವು ಹಾಗಿರಲಿಲ್ಲ. 4 ಓಮ್‌ನವು, ಅಂದ್ರೆ ಕರೆಂಟ್ ಕುಡಿಯೋದು ಜಾಸ್ತಿ. ಭಾನುವಾರ ಮಧ್ಯಾಹ್ನ ಒಂದೆರಡು ಗಂಟೆ ಕೇಳಿದರೆ ಆಂಪ್ಲಿಫೈಯರ್ ಮೇಲೆ ಕೈ ಇಡೋಕೆ ಆಗುತ್ತಿರಲಿಲ್ಲ.

ಅವುಗಳ ಜೊತೆ ಒಡನಾಟ ಅಂದ್ರೆ ಬರೀ ಕೇಳೋದಲ್ಲ, ರಿಪೇರಿಯೂ ಸೇರಿ. ವೂಫರ್ ಅಂಚಿನ ಫೋಮ್ ಗಾಳಿಯ ತೇವ ಹೀರಿ ಮೊದಲು ಜಿಗುಟಾಗುತ್ತದೆ, ಆಮೇಲೆ ಮುಟ್ಟಿದರೆ ಪುಡಿ. ಯಾರ ತಪ್ಪೂ ಅಲ್ಲ, ಪಾಲಿಯುರೆಥೇನ್ ಫೋಮ್‌ನ ಆಯಸ್ಸೇ ಅಷ್ಟು. ನಾನೇ ಎರಡು ಸಲ ಬದಲಾಯಿಸಿದ್ದೀನಿ. ಹೊಸ ಅಂಚು ಅಂಟಿಸೋದು ಸುಲಭ, ಹಳೇ ಅಂಟು ಕೆರೆದು ತೆಗೆಯೋದೇ ಒಂದಿಡೀ ದಿನದ ಕೆಲಸ. ಅಂಟು ಒಣಗೋ ಮೊದಲು 30 ಹರ್ಟ್ಜ್, ಅಂದ್ರೆ ಸೆಕೆಂಡಿಗೆ 30 ಸಲ ಅದುರುವ ಸದ್ದನ್ನು ಮೆಲ್ಲಗೆ ಹಾಕಿ, ಕಿವಿ ಹತ್ತಿರ ಇಟ್ಟು, ಕೋನನ್ನು ಅಲುಗಾಡಿಸೋ ತಂತಿಯ ಸುರುಳಿ, ವಾಯ್ಸ್ ಕಾಯಿಲ್, ಎಲ್ಲಾದರೂ ಉಜ್ಜುತ್ತಿದೆಯಾ ಅಂತ ಕೇಳುತ್ತಾ ಬೆರಳಲ್ಲಿ ಕೂದಲೆಳೆಯಷ್ಟು ಆಚೀಚೆ ಸರಿಸಬೇಕು. ಇನ್ನು ಸದ್ದು ಹೆಚ್ಚುಕಮ್ಮಿ ಮಾಡೋ ಹಿಂಬದಿಯ ಎರಡು ತಿರುಪುಗಳು, ಮಧ್ಯದ ಸ್ವರಕ್ಕೊಂದು, ಮೇಲಿನದಕ್ಕೊಂದು. ಒಳಗೆ ಕಿಲುಬು ಹಿಡಿದು ಮೇಲಿನ ಸ್ವರದ ಡೋಮ್, ಅಂದ್ರೆ ಟ್ವೀಟರ್, ದಿಢೀರ್ ಅಂತ ಮೂಕಾಗುತ್ತದೆ. ಹಿಂದೆ ಮುಂದೆ ಇಪ್ಪತ್ತು ಸಲ ತಿರುಗಿಸಿದರೆ ಕರಕರ ಅಂದು ಮತ್ತೆ ಬಾಯಿ ಬಿಡುತ್ತದೆ.

ಹೊಸ ಮನೆಗೆ ಬಂದ ವಾರವೇ ಗೊತ್ತಾಯಿತು, ಇದು ನಡೆಯಲ್ಲ ಅಂತ. ಬೇಸ್ ಎಲ್ಲಾ ಒಂದೇ ಸ್ವರ. ಯಾರು ಏನು ನುಡಿಸಿದರೂ ಗುಂಯ್. ಲೆಕ್ಕ ಹಾಕಿದರೆ ಕಾರಣ ಎದುರಿಗೇ ಇತ್ತು. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ 50 ಹರ್ಟ್ಜ್. ಆ ಸ್ವರ ಬಂದಾಗೆಲ್ಲ ಕೋಣೆಯೇ ದನಿಗೂಡಿಸುತ್ತದೆ, ಅದೂ ಗೋಡೆಯ ಪಕ್ಕದಲ್ಲಿ ಅತಿ ಜೋರಾಗಿ. ನನ್ನ ಸೋಫಾ ಇರೋದೂ ಅಲ್ಲೇ. ಹಳೇ ಹಾಲ್‌ನಲ್ಲಿ ಇದೇ ಲೆಕ್ಕ 27 ಹರ್ಟ್ಜ್‌ಗೆ ಬರುತ್ತಿತ್ತು, ಅಷ್ಟು ಕೆಳಗೆ ಹೆಚ್ಚಿನ ರೆಕಾರ್ಡ್‌ಗಳಲ್ಲಿ ಏನೂ ಇರೋದೇ ಇಲ್ಲ. ಸೋಫಾ ಮುಂದೆ ಎಳೆದು ನೋಡಿದೆ. ಗುಂಯ್ ಹೋಯಿತು, ಬಾಗಿಲೂ ತೆಗೆಯೋಕಾಗದ ಹಾಗಾಯಿತು.

ಹಾಗಾಗಿ ಮೂರು ವಾರದ ಹಿಂದೆ ಕೆಇಎಫ್ ಎಲ್‌ಎಸ್50 ಮೆಟಾ ಅನ್ನೋ ಹೊಸ ಸ್ಪೀಕರ್ ಜೋಡಿ ತಂದೆ. ಒಂದೊಂದು 7.8 ಕಿಲೋ, 30 ಸೆಂಟಿಮೀಟರ್ ಎತ್ತರ. ಪಕ್ಕದಲ್ಲಿಟ್ಟಾಗ ಹಳೆಯವುಗಳ ಮರಿ ಹಾಗೆ ಕಂಡವು. ಟ್ವೀಟರ್ ಬೇರೆ ಎಲ್ಲೋ ಇಲ್ಲ, ದೊಡ್ಡ ಕೋನಿನ ನಟ್ಟನಡುವೆ ಕೂತಿದೆ. ತಯಾರಕರ ಅಳತೆಯ ಪ್ರಕಾರ 79 ಹರ್ಟ್ಜ್‌ವರೆಗೆ ಗಟ್ಟಿ, 47ಕ್ಕೆ ಬರುವಾಗ 6 ಡೆಸಿಬಲ್ ಇಳಿದಿರುತ್ತದೆ. ಓದಿದಾಗ ಮುಖ ಸಿಂಡರಿಸಿದ್ದೆ. ಆದರೆ ಸ್ಪೀಕರ್ ಇಳಿಯೋ ಜಾಗದಲ್ಲೇ ನನ್ನ ಕೋಣೆ ಎತ್ತಿ ಕೊಡುತ್ತದೆ, ಎರಡೂ ಸೇರಿ ಹೆಚ್ಚೂಕಮ್ಮಿ ಸಮ. ಇನ್ನೂ ಸ್ವಲ್ಪ ಉಬ್ಬು ಇತ್ತು, ಹಿಂಬದಿಯ ರಂಧ್ರಕ್ಕೆ ಡಬ್ಬದಲ್ಲೇ ಬಂದಿದ್ದ ಫೋಮ್ ಬಿರಡೆ ತುರುಕಿದೆ, ಹೋಯಿತು.

ಎರಡು ಜೋಡಿಯನ್ನೂ ಎರಡು ವಾರ ಎದುರುಬದುರು ಇಟ್ಟು ಕೇಳಿದೆ. ಪ್ರತಿಸಲ ಸದ್ದಿನ ಮಟ್ಟ ಅಳೆದು ಸಮ ಮಾಡಿಕೊಂಡೇ ಕೇಳುತ್ತಿದ್ದೆ, ಇಲ್ಲದಿದ್ದರೆ ಒಂಚೂರು ಜೋರಿರೋದೇ ಚೆನ್ನಾಗಿದೆ ಅಂತ ಕಿವಿ ಮೋಸ ಹೋಗುತ್ತದೆ. ನಿಜ ಹೇಳಬೇಕು ಅಂದ್ರೆ ಹಳೆಯವು ಗೆಲ್ಲಲಿ ಅಂತಲೇ ಕಾಯುತ್ತಿದ್ದೆ. ಮಗಳು ಒಳಗೆ ಬಂದಳು, ಯಾವುದು ಓಡುತ್ತಿದೆ ಅಂತ ಕೇಳಲೂ ಇಲ್ಲ, ನಿಂತಲ್ಲೇ "ಅಪ್ಪ, ಹಾಡೋರು ಈಗ ಒಬ್ರೇ ಆದ್ರು ಅಲ್ವಾ" ಅಂದಳು.

ಅದೇ ವಿಷಯ. ಎರಡು ಮೀಟರ್ ದೂರದಿಂದ ಕೇಳುವಾಗ ಎಆರ್‌ನಲ್ಲಿ ಹಾಡುವವರ ಎದೆಯ ದನಿ ಕೆಳಗಿನ ವೂಫರ್‌ನಿಂದ, ಸ ಶ ಎಲ್ಲಾ ಮೇಲಿನ ಡೋಮ್‌ನಿಂದ. ದೂರ ಕೂತಾಗ ಎರಡೂ ದಾರಿಯಲ್ಲೇ ಬೆರೆತು ಬರುತ್ತಿದ್ದವು. ಹತ್ತಿರದಲ್ಲಿ ಬೆರೆಯೋಕೆ ಜಾಗವೇ ಇಲ್ಲ. ಹೊಸದರಲ್ಲಿ ಎಲ್ಲಾ ಒಂದೇ ಬಿಂದುವಿನಿಂದ ಹೊರಡುತ್ತದೆ, ಹಾಡುವವರಿಗೆ ಒಂದು ಬಾಯಿ, ಬಾಯಿಗೊಂದು ಜಾಗ.

ಕಳೆದುಕೊಂಡದ್ದೂ ಇದೆ, ಸುಮ್ನೆ ಇಲ್ಲ ಅನ್ನಲ್ಲ. ಪೈಪ್ ಆರ್ಗನ್‌ನ ಕೆಳಗಿನ ಸ್ವರಗಳಲ್ಲಿ ಹಳೆಯವು ನೆಲವನ್ನೇ ಮುಟ್ಟುತ್ತಿದ್ದವು, ಹೊಸವು ಅಲ್ಲೇನೋ ಇದೆ ಅಂತ ಸೂಚನೆ ಕೊಡುತ್ತವೆ ಅಷ್ಟೆ. ತಂಬೂರಿಯ ಮಂದ್ರದ ತಂತಿಗೆ ಆ ಮೈ ತುಂಬಿದ ಗುಂಗು ಇಲ್ಲ. ವಾಲ್ಯೂಮ್ ಏರಿಸಿದಾಗ ಹನ್ನೆರಡು ಇಂಚಿನ ಕೋನಿಗೆ ಇದ್ದ ನಿರಾಳ ಇವಕ್ಕಿಲ್ಲ. ಸಬ್‌ವೂಫರ್ (ಬೇಸ್ ಸದ್ದಿಗೆಂದೇ ಇರೋ ಇನ್ನೊಂದು ಸ್ಪೀಕರ್) ಸೇರಿಸು ಅಂತ ಎಲ್ಲರೂ ಹೇಳುತ್ತಾರೆ. ಗೋಡೆಯಾಚೆ ಮನುಷ್ಯರು ಮಲಗುತ್ತಾರೆ, ಸದ್ಯಕ್ಕೆ ಬೇಡ.

ರಾತ್ರಿ 11:40

ಮಲಗೋ ಹೊತ್ತಿಗೆ ಹುಡುಗನ ಮೆಸೇಜ್. "ಸಾರ್, ಬಲಗಡೆಯದ್ದರಲ್ಲಿ ಟ್ವೀಟರ್ ಬರ್ತಾ ಇಲ್ಲ, ದಾರಿಯಲ್ಲಿ ಏನಾದ್ರೂ ಆಯ್ತಾ?" ಪಾಪ, ಗಾಬರಿಯಾಗಿದ್ದಾನೆ. ಬೆಳಗ್ಗೆ ಹೇಳೋದು ಮರೆತಿದ್ದೆ. ಹಿಂದಿನ ತಿರುಪು ಇಪ್ಪತ್ತು ಸಲ ಆಚೀಚೆ ತಿರುಗಿಸು ಅಂತ ಬರೆದೆ. ಐದು ನಿಮಿಷ ಏನೂ ಇಲ್ಲ. ಆಮೇಲೆ ಅವನ ಫೋನಿನಲ್ಲೇ ರೆಕಾರ್ಡ್ ಮಾಡಿದ ಒಂದು ತುಣುಕು ಬಂತು, ಮೊದಲು ಕರಕರ, ಆಮೇಲೆ ಸಿಂಬಲ್, ಅದರ ಹಿಂದೆ ಅವನು ಯಾರನ್ನೋ "ಬಾರೇ ಬೇಗ, ಬಂತು ಬಂತು" ಅಂತ ಕೂಗೋದು.

ಎರಡು ಸಲ ಕೇಳಿದೆ, ಹೊಸ ಸ್ಪೀಕರ್‌ನಲ್ಲಿ.